ತಗದಿಡ್ರಿ ಅಂದಿದ್ದರು

ಪ್ರೋಗ್ರಾಮು ಬಿದ್ದ ಸುದ್ದಿ ಬಂದಾಗ ಅವರು ಮೊದಲು ಚಪ್ಪಲಿ ಬಿಚ್ಚುತ್ತಿದ್ದರು. ಎರಡನ್ನೂ ಮೇಜಿನ ಕೆಳಗೆ ಜೋಡಿಸಿಟ್ಟು, ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತು, ಕನ್ನಡಕವನ್ನು ಹಣೆಗೇರಿಸಿ, ಪರದೆಗೆ ಮೂಗು ತಾಗುವಷ್ಟು ಹತ್ತಿರ ಬಾಗುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗದೆಯೇ ಕರೆಯುತ್ತಿದ್ದರು: "ಬರ್ರಿ ಅಕ್ಕೋರ, ಪಂಚನಾಮಿ ಮಾಡೂಣು."

ಕ್ರ್ಯಾಶ್ ಎನ್ನುವ ಪದ ಅವರ ಬಾಯಲ್ಲಿ ಬರುತ್ತಿರಲಿಲ್ಲ. ನಡೆಯುತ್ತಿದ್ದ ಪ್ರೋಗ್ರಾಮು ಇದ್ದಕ್ಕಿದ್ದಂತೆ ನಿಂತರೆ ಅದು 'ಬಿತ್ತು'. ಬೀಳುವ ಕ್ಷಣದಲ್ಲಿ ಅದರ ಸ್ಥಿತಿ ಹೇಗಿತ್ತೋ ಹಾಗೆಯೇ ಯಂತ್ರ ಬರೆದಿಡುವ ದೊಡ್ಡ ಫೈಲು 'ಹೆಣ'. ಅದನ್ನು ಬಿಡಿಸಿ, ಯಾವ ಸಾಲಿನಲ್ಲಿ ಪ್ರಾಣ ಹೋಯಿತೆಂದು ಹುಡುಕುವುದು ಪಂಚನಾಮೆ. "ಒಬ್ಬನ ಮಾಡಿದ ಪಂಚನಾಮಿ ಕೋರ್ಟಿನಾಗ ನಿಲ್ಲೂದಿಲ್ಲರಿ" ಎನ್ನುತ್ತ ಎರಡನೆಯ ಪಂಚಳಾಗಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಳ್ಳುವರು.

ಅವರು ತೀರಿಕೊಂಡ ಸುದ್ದಿ ಹಳೆಯ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಬಂತು. ಕೈಮುಗಿದ ಚಿತ್ರಗಳು ಒಂದರ ಕೆಳಗೊಂದು ಸಾಲುಗಟ್ಟಿದವು. ನಾನೂ ಒಂದು ಹಾಕಿದೆ. ಹಾಕಿದ ಮೇಲೆ ಅದು ಸುಳ್ಳೆನಿಸಿ ಅಳಿಸಿದೆ. ಅಳಿಸಿದ ಗುರುತು ಮಾತ್ರ ನನ್ನ ಹೆಸರಿನ ಕೆಳಗೆ ಹಾಗೆಯೇ ಉಳಿಯಿತು.

ಅವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಎಲ್ಲಕ್ಕೂ ಹೆಸರಿರಬೇಕು ಎಂದು ಹಟ ಹಿಡಿದಿದ್ದ ಮನುಷ್ಯನ ಬಗ್ಗೆ ಹೆಸರಿಲ್ಲದೆ ಬರೆಯುವುದು ವಿಚಿತ್ರ ಎಂದು ಗೊತ್ತು. ಆದರೆ ಇದು ನನ್ನ ತಪ್ಪಿನ ಕಥೆಯೂ ಹೌದು. ಅದರ ಪಕ್ಕದಲ್ಲಿ ಅವರ ಹೆಸರನ್ನು ನಿಲ್ಲಿಸಲು ನನಗೆ ಮನಸ್ಸಿಲ್ಲ.

ಪುಣೆಯ ಆ ಕಂಪನಿ ಚಿಕ್ಕದು, ಒಂದೇ ಮಹಡಿ, ಇಪ್ಪತ್ತು ಚಿಲ್ಲರೆ ಜನ. ಸಕ್ಕರೆ ಕಾರ್ಖಾನೆಗಳ ವೇಬ್ರಿಡ್ಜಿಗೆ, ಅಂದರೆ ಕಬ್ಬು ತುಂಬಿದ ಟ್ರ್ಯಾಕ್ಟರನ್ನು ನಿಲ್ಲಿಸಿ ತೂಗುವ ಕಟ್ಟೆಗೆ, ಬೇಕಾದ ಪ್ರೋಗ್ರಾಮು ಬರೆಯುವುದು ನಮ್ಮ ಕೆಲಸ. ಗಾಡಿ ನಿಂತಾಗ ತೂಕ ಓದಿ, ರೈತನ ಹೆಸರು, ಹಳ್ಳಿಯ ಹೆಸರು, ತೂಕ ಇಷ್ಟನ್ನೂ ಮರಾಠಿಯಲ್ಲಿ ಒಂದು ಚೀಟಿಯ ಮೇಲೆ ಮುದ್ರಿಸಿ ಕೊಡಬೇಕು. ಮೈಸೂರಿನಲ್ಲಿ ಎಂಜಿನಿಯರಿಂಗ್ ಮುಗಿಸಿ ನಾನು ನೇರವಾಗಿ ಅಲ್ಲಿಗೆ ಸೇರಿದ್ದೆ. ಅವರಿಗೆ ಆಗಲೇ ಅರವತ್ತು ದಾಟಿತ್ತು. ವರ್ಷ ವರ್ಷಕ್ಕೆ ಕರಾರು ಬರೆದುಕೊಟ್ಟು ಉಳಿಸಿಕೊಂಡಿದ್ದರು.

ಅವರ ತಂದೆ ಬಾಗಲಕೋಟೆ ಕಡೆಯಿಂದ ಗುಮಾಸ್ತರಾಗಿ ಪುಣೆಗೆ ಬಂದವರು. ಇವರು ಹುಟ್ಟಿದ್ದು ಇಲ್ಲೇ, ಓದಿದ್ದು ಮರಾಠಿ ಶಾಲೆಯಲ್ಲಿ. ಕನ್ನಡ ಲಿಪಿ ಓದಲು ಬರುತ್ತಿರಲಿಲ್ಲ. ಮನೆಯಲ್ಲಿ ಕೇಳಿ ಕಲಿತ ಮಾತಷ್ಟೇ ಅವರ ಕನ್ನಡ. ತಮಗಾಗಿ ಬರೆದುಕೊಳ್ಳುವ ಚೀಟಿಗಳಲ್ಲಿ ಆ ಕನ್ನಡವನ್ನೇ ಮರಾಠಿ ಅಕ್ಷರಗಳಲ್ಲಿ ಬರೆಯುತ್ತಿದ್ದರು. ಅವರ ಮಾನಿಟರಿನ ಅಂಚಿಗೆ ಅಂಟಿಸಿದ್ದ ಹಳದಿ ಚೀಟಿಯನ್ನು ಮೊದಲ ದಿನ ನಾನು ಮರಾಠಿ ಎಂದೇ ಓದಲು ಹೋಗಿ ತಡವರಿಸಿದ್ದೆ. ಅದರಲ್ಲಿ 'ಅವಸರ ಮಾಡಬ್ಯಾಡ, ಮೊದಲ ಚಾ ಕುಡಿ' ಎಂದಿತ್ತು.

ಆಫೀಸಿನಲ್ಲಿ ಕನ್ನಡದವಳೊಬ್ಬಳು ಸೇರಿದ್ದಾಳೆಂದು ಅವರಿಗಾದ ಖುಷಿಯನ್ನು ನಾನು ಆಗ ಸ್ವಲ್ಪ ಅತಿ ಎಂದುಕೊಂಡಿದ್ದೆ. ನಾನು ಬಾಯಿ ಬಿಟ್ಟ ಕೂಡಲೇ ನಕ್ಕಿದ್ದರು.

"ನೀವು ಏನ್ರಿ, ಸಾಲ್ಯಾಗ ಪಾಠಾ ಹೇಳಿಧಂಗ ಮಾತಾಡ್ತೀರಿ. ನಮ್ಮಪ್ಪನ ಊರಾಗ ಕಲಿಸೂ ಹೆಣ್ಣಮಕ್ಕಳಿಗೆ ಅಕ್ಕೋರು ಅಂತಾರ. ಇವತ್ತಿಂದ ನೀವು ಅಕ್ಕೋರು."

ಅವರ ಮಾತು ನನಗೆ ಮೊದಮೊದಲು ಅರ್ಧ ತಿಳಿಯುತ್ತಿರಲಿಲ್ಲ. "ಕೀಲಿ ಹಾಕ್ರಿ" ಅಂದರೆ ಬೀಗ ಹಾಕುವುದು ಎಂದು ತಿಳಿಯಲು ಒಂದು ವಾರ ಬೇಕಾಯಿತು. ಒಮ್ಮೆ, "ಕಾರ್ಖಾನಿಗೆ ಫೋನ್ ಹಚ್ಚರಿ" ಎಂದರು. ಊಟದ ಹೊತ್ತಿನಲ್ಲಿ ಬೆಂಗಳೂರಿನ ಇಬ್ಬರು ಸಹೋದ್ಯೋಗಿಗಳೆದುರು ನಾನದನ್ನು ಹೇಳಿದೆ: "ಫೋನಿಗೆ ಬೆಂಕಿ ಹಚ್ಚಬೇಕಂತೆ." ಮೂವರೂ ನಕ್ಕೆವು. ಅವರು ಹಿಂದಿನ ಮೇಜಿನಲ್ಲೇ ಇದ್ದದ್ದು ನನಗೆ ಗೊತ್ತಿರಲಿಲ್ಲ. ಡಬ್ಬಿಯ ಮುಚ್ಚಳ ಹಾಕುತ್ತ, "ಬೆಂಕಿ ಅಲ್ರಿ ಅಕ್ಕೋರ, ದೀಪಾ ಅಂತ ತಿಳೀರಿ" ಎಂದು ಎದ್ದುಹೋದರು. ಮರುದಿನದಿಂದ ಅದೇ ಒಂದು ಆಟವಾಯಿತು. ದಿನಕ್ಕೊಂದು ವಸ್ತು ತೋರಿಸಿ, "ನಿಮ್ಮ ಕಡೆ ಇದಕ್ಕ ಏನಂತಾರ?" ಎಂದು ಕೇಳುವರು. ನಾನು ಹೇಳಿದ ಪದವನ್ನು ಮರಾಠಿ ಅಕ್ಷರದಲ್ಲಿ ಬರೆದುಕೊಳ್ಳುವರು. ತಮ್ಮ ಪದವೇ ಸರಿ ಎಂದು ಒಮ್ಮೆಯೂ ವಾದಿಸಲಿಲ್ಲ.

ಕೆಲಸದಲ್ಲಿ ಮಾತ್ರ ಅವರ ಹಟ ದೊಡ್ಡದಿತ್ತು. ಬೇರೆಯವರು ಕಟ್ಟಿಕೊಟ್ಟ ಸಿದ್ಧ ಪ್ರೋಗ್ರಾಮುಗಳನ್ನು ಅವರು ನಂಬುತ್ತಿರಲಿಲ್ಲ. ನಾವು ಬಳಸುವ ಪ್ರತಿಯೊಂದರ ಮೂಲ ಬರಹವನ್ನು ತರಿಸಿ, ತಮ್ಮ ಯಂತ್ರದಲ್ಲಿ ತಾವೇ ಹೊಸದಾಗಿ ಕಟ್ಟುತ್ತಿದ್ದರು. "ಅಂಗಡಿಯಾಗ ಪಾಕೀಟ ಹಿಟ್ಟ ಸಿಗ್ತದರಿ. ಅದರಾಗ ಏನೇನ ಕೂಡೇದ ಯಾರಿಗ್ಗೊತ್ತು. ಜ್ವಾಳ ನಾವ ತಂದು, ನಮ್ಮ ಕಣ್ಣ ಮುಂದ ಗಿರಣ್ಯಾಗ ಬೀಸಿಸಬೇಕು." ಹಾಗೆ ಬೀಸುವುದಕ್ಕೆ ನಲವತ್ತು ನಿಮಿಷ ಹಿಡಿಯುತ್ತಿತ್ತು. ಆ ಹೊತ್ತಿನಲ್ಲಿ ಅವರು ಕಿಟಕಿಯ ಬಳಿ ನಿಂತು, ಪರದೆಯ ಮೇಲೆ ಸಾಲುಗಳು ಓಡುವುದನ್ನು ದೂರದಿಂದಲೇ ಒಂದು ಕಣ್ಣಿನಲ್ಲಿ ನೋಡುತ್ತಿರುತ್ತಿದ್ದರು.

ಕಟ್ಟುವಾಗ ಇನ್ನೊಂದು ನಿಯಮ. ನಾವು ಬರೆಯುವಾಗ ಪ್ರತಿ ಕೆಲಸಕ್ಕೂ ಒಂದೊಂದು ಹೆಸರಿಡುತ್ತೇವೆ. ಯಂತ್ರಕ್ಕೆ ಆ ಹೆಸರುಗಳು ಬೇಡ. ಆದ್ದರಿಂದ ಗಿರಾಕಿಗೆ ಕೊಡುವ ಪ್ರೋಗ್ರಾಮಿನಿಂದ ಹೆಸರುಗಳನ್ನೂ ಸಾಲಿನ ಸಂಖ್ಯೆಗಳನ್ನೂ ಕಿತ್ತು ಹಾಕುವುದು ರೂಢಿ, ಫೈಲು ಹಗುರಾಗುತ್ತದೆ. ಆದರೆ ಅಂಥದ್ದು ಬಿದ್ದರೆ ಹೆಣದಲ್ಲಿ ಸಿಗುವುದು ಬರೀ ಅಂಕಿಗಳು. ಎಲ್ಲಿ ಬಿತ್ತು, ಯಾಕೆ ಬಿತ್ತು, ತಿಳಿಯದು. ಹೆಸರುಗಳನ್ನು ಉಳಿಸಿಕೊಂಡು ಕಟ್ಟಿದ್ದರೆ, ಬಿದ್ದ ಸಾಲನ್ನು ಅದೇ ಬೆರಳು ಮಾಡಿ ತೋರಿಸುತ್ತದೆ.

"ಕೆಲಸ ನಡದಾಗ ಹೆಸರು ಭಾರ ಅನಸ್ತದರಿ. ಬಿದ್ದಾಗಷ್ಟ ಅದರ ಕಿಮ್ಮತ್ತು ತಿಳೀತದ" ಎನ್ನುತ್ತಿದ್ದರು. ಮ್ಯಾನೇಜರಿಗೆ ಈ ಹಟ ಸೇರುತ್ತಿರಲಿಲ್ಲ. ಅವರ ಫೈಲುಗಳು ದೊಡ್ಡವು, ನಿಧಾನ, ಗಿರಾಕಿಗಳ ಹಳೆಯ ಯಂತ್ರ ತಡೆಯುವುದಿಲ್ಲ ಎನ್ನುವುದು ಮ್ಯಾನೇಜರ ವಾದ.

ಹೆಸರಿನ ಬಗ್ಗೆ ಇಷ್ಟು ಕಟ್ಟುನಿಟ್ಟಿದ್ದವರು ಮನುಷ್ಯರ ಹೆಸರನ್ನು ಮಾತ್ರ ಎಂದೂ ಎತ್ತುತ್ತಿರಲಿಲ್ಲ. ಶಿರೂರಿನ ಒಂದು ಹಾಲಿನ ಡೇರಿಯ ತೂಕಕ್ಕೆ ಅವರು ಹೆಸರುಸಹಿತ ಕಟ್ಟಿಕೊಟ್ಟಿದ್ದ ಪ್ರೋಗ್ರಾಮು ಬಿದ್ದಾಗ ತಪ್ಪು ಮಾಡಿದವನು ನನ್ನ ಎದುರು ಮೇಜಿನ ಹುಡುಗ. ಐದೇ ನಿಮಿಷದಲ್ಲಿ ಸಾಲು ಸಿಕ್ಕಿತು. ಅವನನ್ನು ಕೆಳಗೆ ಚಹಾದ ಅಂಗಡಿಗೆ ಕರೆದುಕೊಂಡು ಹೋಗಿ ಹೇಳಿದರು. ವರದಿಯಲ್ಲಿ ಬರೆದದ್ದು ಫೈಲಿನ ಹೆಸರು, ಸಾಲಿನ ಸಂಖ್ಯೆ, ಅಷ್ಟೇ. ಯಾರು ಬರೆದದ್ದು ಎಂದು ಮ್ಯಾನೇಜರು ಮೂರು ಸಲ ಕೇಳಿದರು. ಅವರು ಮರಾಠಿಯಲ್ಲಿ, "ಸಾಹೇಬ, ಸಾಲು ತಪ್ಪಿದೆ. ಸಾಲು ತಿದ್ದಿ ಆಯಿತು" ಎಂದರು.

ಇದನ್ನು ನಾನು ಪಕ್ಕದಲ್ಲೇ ಕುಳಿತು ನೋಡಿದ್ದೆ. ನೋಡಿದ್ದೂ ಮುಂದೆ ನಾನು ಮಾಡಿದ್ದನ್ನು ಮಾಡಿದೆ ಎನ್ನುವುದನ್ನು ಇಲ್ಲಿ ಹೇಳಲೇಬೇಕು.

ಆ ವರ್ಷ ಕಬ್ಬಿನ ಹಂಗಾಮು ಶುರುವಾದ ಮೇಲೆ ಇಂದಾಪುರದ ಹತ್ತಿರದ ಒಂದು ಕಾರ್ಖಾನೆಯಲ್ಲಿ ನಮ್ಮ ಪ್ರೋಗ್ರಾಮು ಬೀಳತೊಡಗಿತು. ಮೊದಲು ವಾರಕ್ಕೊಮ್ಮೆ, ಆಮೇಲೆ ದಿನಕ್ಕೊಮ್ಮೆ. ಬಿದ್ದಾಗ ತೂಕ ನಿಲ್ಲುತ್ತದೆ; ಟ್ರ್ಯಾಕ್ಟರುಗಳ ಸಾಲು ಗೇಟು ದಾಟಿ ಸೋಲಾಪುರ ರಸ್ತೆಗೆ ಬಂದು ನಿಲ್ಲುತ್ತದೆ. ವೇಬ್ರಿಡ್ಜಿನ ಆಪರೇಟರು ಫೋನಿನಲ್ಲಿ "ಸಾಹೇಬ, ಪುನ್ಹಾ ಬಂದ್ ಪಡಲಂ", ಮತ್ತೆ ನಿಂತಿತು, ಎನ್ನುವಾಗ ಹಿಂದೆ ಹಾರ್ನುಗಳು ಕೇಳುತ್ತಿದ್ದವು. ಮ್ಯಾನೇಜರ ಮಾತಿನಂತೆ ಅಲ್ಲಿದ್ದದ್ದು ಹೆಸರು ಕಿತ್ತ ಪ್ರೋಗ್ರಾಮು. ಬಂದ ಹೆಣಗಳಲ್ಲಿ ಅಂಕಿಗಳನ್ನು ಬಿಟ್ಟು ಏನೂ ಇರಲಿಲ್ಲ. ಒಂದೊಂದೂ ಡಿಸ್ಕ್ ತುಂಬುವಷ್ಟು ದೊಡ್ಡದು. "ಹೆಸರಿಲ್ಲದ ಹೆಣಾ ಇಟಗೊಂಡ ಏನ ಮಾಡೂದರಿ, ತಗದ್ಬಿಡ್ರಿ" ಎನ್ನುವರು; ನಾನು ಅಳಿಸುತ್ತಿದ್ದೆ.

ಕೊನೆಗೆ ಮ್ಯಾನೇಜರನ್ನು ಒಪ್ಪಿಸಿ, ಎಲ್ಲವನ್ನೂ ಮೂಲದಿಂದ ಹೆಸರುಸಹಿತ ಕಟ್ಟಿ, ಅದನ್ನು ಹಾಕಿ ಬರಲು ಅವರೇ ಎಸ್‌ಟಿ ಬಸ್ಸಿನಲ್ಲಿ ಇಂದಾಪುರಕ್ಕೆ ಹೋದರು. ಕಾರ್ಖಾನೆಯ ಯಂತ್ರದಲ್ಲಿ ಜಾಗವಿರಲಿಲ್ಲ. ಆದ್ದರಿಂದ ಬಿದ್ದ ಕೂಡಲೇ ಫೈಲು ಪುಣೆಗೆ ಬಂದು, ಅಲ್ಲಿಯದು ತಾನಾಗಿ ಅಳಿಯುವಂತೆ ಏರ್ಪಾಡು ಮಾಡಿದ್ದರು. ಇರುವುದು ಒಂದೇ ಪ್ರತಿ, ಅದು ನಮ್ಮ ಆಫೀಸಿನಲ್ಲಿ.

ಗುರುವಾರ ಮಧ್ಯಾಹ್ನ ಅವರ ಫೋನು ಬಂತು. ಹಿಂದೆ ಗಿರಣಿಯ ಸದ್ದು.

"ಅಕ್ಕೋರ, ಬಿತ್ತರಿ. ಬರೋಬ್ಬರಿ ನನ್ನ ಮುಂದನ ಬಿತ್ತು. ನಿಮ್ಮ ಕಡೆ ಬಂದದೇನು ನೋಡ್ರಿ."

"ಬಂದಿದೆ ಸರ್."

"ಹಾಂ, ಅದನ್ನ ತಗದಿಡ್ರಿ. ನಾ ಮತ್ತ ಫೋನ್ ಹಚ್ಚತೀನಿ."

ಕಾರ್ಖಾನೆಯ ಭೋಂಗಾ, ಪಾಳಿಯ ಸೈರನ್ನು, ಕೂಗಿತು, ಫೋನು ಕಡಿದುಹೋಯಿತು.

ತಗದಿಡ್ರಿ. ತೆಗೆದು ಇಡಿ. ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಭೋಂಗಾ ಕೂಗಿದ್ದು ಆ ಮಾತು ಮುಗಿದ ಮೇಲೆ.

ಅವರಿಗಾಗಿ ಕಾಯದೆ ನಾನು ಫೈಲನ್ನು ಬಿಡಿಸಿದೆ. ಕುತೂಹಲ, ಅಷ್ಟೇ. ಮೊದಲ ಸಾಲಿನಲ್ಲೇ ಹೆಸರಿತ್ತು. ಹಳ್ಳಿಯ ಹೆಸರನ್ನು ಚೀಟಿಗೆ ತುಂಬುವ ಭಾಗ. ಅದು ನಾನು ಬರೆದದ್ದು. ಹಳ್ಳಿಯ ಹೆಸರಿಗೆಂದು ನಾನು ಮೂವತ್ತೆರಡು ಮನೆಗಳನ್ನು, ಅಂದರೆ ಅಕ್ಷರ ತುಂಬುವ ಖಾನೆಗಳನ್ನು, ಬಿಟ್ಟಿದ್ದೆ. ಇಂಗ್ಲಿಷಿನಲ್ಲಾದರೆ ಒಂದಕ್ಷರಕ್ಕೆ ಒಂದು ಮನೆ ಸಾಕು. ಮರಾಠಿಯಲ್ಲಿ ಒಂದಕ್ಷರಕ್ಕೆ ಮೂರು ಮನೆ, ಅದರ ಕಾಗುಣಿತಕ್ಕೆ ಮತ್ತೆ ಮೂರು. ಕನ್ನಡಕ್ಕೂ ಅದೇ ಲೆಕ್ಕ. ಉದ್ದ ಹೆಸರಿನ ಹಳ್ಳಿಯಿಂದ ಗಾಡಿ ಬಂದಾಗಲೆಲ್ಲ ಅಕ್ಷರಗಳು ತಮ್ಮ ಮನೆ ತುಂಬಿ ಪಕ್ಕದ ಮನೆಗೆ ನುಗ್ಗುತ್ತಿದ್ದವು, ಪ್ರೋಗ್ರಾಮು ಬೀಳುತ್ತಿತ್ತು. ಕಾಗುಣಿತ ಬರೆದು ಬೆಳೆದ ನಾನು ಇಂಗ್ಲಿಷ್ ಹೆಸರುಗಳನ್ನಷ್ಟೇ ಹಾಕಿ ಪರೀಕ್ಷೆ ಮಾಡಿ ಕೊಟ್ಟಿದ್ದೆ.

ನನ್ನ ಪ್ರೊಬೇಷನ್ ಮುಗಿಯಲು ಹನ್ನೊಂದು ದಿನ ಬಾಕಿಯಿತ್ತು. ಕೆಲಸ ಹೋದೀತೆಂಬ ಹೆದರಿಕೆ ಇರಲಿಲ್ಲ ಎನ್ನಲಾರೆ. ಆದರೆ ಅದಕ್ಕಿಂತ ಹೆಚ್ಚಾಗಿ, ಈ ಹುಡುಗಿ ತಪ್ಪು ಮಾಡುವವಳಲ್ಲ ಎಂದು ಅಲ್ಲಿ ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ. ರಸ್ತೆಯ ತನಕ ನಿಂತ ಟ್ರ್ಯಾಕ್ಟರುಗಳ ಸಾಲು ನನ್ನ ಒಂದು ಅಂಕಿಯಿಂದ ನಿಂತದ್ದು ಎಂದು ನಾಳೆ ಎಲ್ಲರೆದುರು ಹೊರಬೀಳುತ್ತದೆ ಎನ್ನುವುದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ. ಇಡ್ರಿ ಮತ್ತು ಬಿಡ್ರಿ ನಡುವೆ ಎಷ್ಟು ಕಡಿಮೆ ಅಂತರವಿದೆ ಎಂಬುದು ಆಗ ಹೊಳೆಯಿತು. ಹಿಂದಿನವನ್ನೆಲ್ಲ ತಗದ್ಬಿಡ್ರಿ ಎಂದೇ ಹೇಳಿದ್ದರು. ನಾನು ಅಳಿಸಿದೆ.

ಅವರು ಮತ್ತೆ ಫೋನು ಮಾಡಿದಾಗ, "ನೀವು ಹೇಳಿದ ಹಾಗೆ ತೆಗೆದುಬಿಟ್ಟೆ ಸರ್" ಎಂದೆ.

ಗಿರಣಿಯ ಸದ್ದಿನ ನಡುವೆ ಅವರು ಆಪರೇಟರಿಗೆ ಮರಾಠಿಯಲ್ಲಿ, ಮತ್ತೆ ಶುರು ಮಾಡು ಎಂದದ್ದು ಕೇಳಿಸಿತು. ಆಮೇಲೆ, "ಇರಲಿ ಬಿಡ್ರಿ. ನಾ ನಾಳಿಗೆ ಬರತೀನಿ" ಎಂದರು.

ಶುಕ್ರವಾರ ಮಧ್ಯಾಹ್ನ ಮೀಟಿಂಗು. ಮಾತೆಲ್ಲ ಮರಾಠಿ, ಇಂಗ್ಲಿಷ್ ಕಲಸಿ. ಅವರು ಬಸ್ಸಿನಿಂದ ಇಳಿದು ನೇರವಾಗಿ ಬಂದಿದ್ದರು. ಅಂಗಿಯ ಕಾಲರಿನಲ್ಲಿ ಕಬ್ಬಿನ ಸಿಪ್ಪೆಯ ಮಸಿ ಹಾಗೆಯೇ ಇತ್ತು. ಫೈಲು ಅಳಿಸಿದ್ದು ಯಾರು ಎಂದು ಮ್ಯಾನೇಜರು ಕೇಳಿದರು. ನಾನು, ಸರ್ ತೆಗೆದುಬಿಡಿ ಎಂದದ್ದಾಗಿ ಕೇಳಿಸಿತು, ಹಿಂದೆ ಸದ್ದು ಬಹಳ ಇತ್ತು, ಅವರ ಕನ್ನಡ ನನಗೆ ಕೆಲವು ಸಲ ಸರಿಯಾಗಿ ತಿಳಿಯುವುದಿಲ್ಲ ಎಂದೆ. ಕೊನೆಯ ಮಾತನ್ನು ಯಾರೂ ಕೇಳಿರಲಿಲ್ಲ. ಅದು ನಾನಾಗಿ ಸೇರಿಸಿದ್ದು.

ಮ್ಯಾನೇಜರು ಅವರ ಕಡೆ ತಿರುಗಿದರು. ಅವರು ತಮ್ಮ ಭಾಷೆಯ ಎರಡು ಪದಗಳನ್ನು ಮರಾಠಿಯಲ್ಲಿ ಬಿಡಿಸಿ ಹೇಳಬೇಕಾಯಿತು. "ತಗದಿಡ್ರಿ ಮ್ಹಣಜೆ ಕಾಢೂನ ಠೇವಾ. ತಗದ್ಬಿಡ್ರಿ ಮ್ಹಣಜೆ ಕಾಢೂನ ಟಾಕಾ." ಒಂದು ಇಟ್ಟುಕೊಳ್ಳುವುದು, ಒಂದು ಎಸೆಯುವುದು.

"ಒಂದು 'ಬ' ಅಕ್ಷರಕ್ಕೆ ಇಷ್ಟೆಲ್ಲ ಆಯಿತೇ?" ಎಂದು ಮ್ಯಾನೇಜರು ನಕ್ಕರು. ಎಲ್ಲರೂ ನಕ್ಕರು. ಅವರೂ ಸ್ವಲ್ಪ ನಕ್ಕು ನನ್ನ ಕಡೆ ನೋಡಿ, "ನಂದ ತಪ್ಪರಿ. ಇಲ್ಲೇ ಇದ್ದು ಇದ್ದು ನಮ್ಮ ಮಾತು ಕೆಟ್ಟ ಹೋಗೇದ. ನಾನ ಹಂಗ ಅಂದಿದ್ದರೂ ಅಂದಿರಬೇಕು" ಎಂದರು.

ಆ ದಿನ ಎರಡು ತೀರ್ಮಾನಗಳಾದವು. ಹೊರಗಿನಿಂದ ಹೇಳುವ ಕೆಲಸದ ಮಾತು ಇನ್ನು ಮುಂದೆ ಇಂಗ್ಲಿಷಿನಲ್ಲಿ, ಬರವಣಿಗೆಯಲ್ಲಿ, ಫೋನಿನಲ್ಲಿ ಕನ್ನಡದಲ್ಲಿ ಬೇಡ. ಎರಡನೆಯದು, ಮತ್ತೊಮ್ಮೆ ಬೀಳುವವರೆಗೆ ಕಾಯದೆ ಇಂದಾಪುರದಿಂದ ಅವರ ಭಾರದ ಪ್ರೋಗ್ರಾಮನ್ನು ತೆಗೆದು ಮಾಮೂಲಿನದನ್ನು ಹಾಕುವುದು. ಹಾಕುವ ಕೆಲಸ ನನ್ನ ಪಾಲಿಗೆ ಬಂತು. ಶನಿವಾರ ನಾನು ಚೀಟಿಯ ಅಂಚು, ಅಕ್ಷರದ ಗಾತ್ರ ಎಂದು ಹತ್ತಾರು ಸಣ್ಣ ಬದಲಾವಣೆಗಳ ನಡುವೆ ಆ ಮೂವತ್ತೆರಡನ್ನು ಇನ್ನೂರೈವತ್ತಾರು ಮಾಡಿ, ಕಟ್ಟಿ ಕಳಿಸಿದೆ. ಪ್ರೋಗ್ರಾಮು ಮತ್ತೆ ಬೀಳಲಿಲ್ಲ.

ಹೀಗೆ, ಬೀಳುತ್ತಿದ್ದದ್ದಕ್ಕೆ ಅವರ ಹೆಸರುಸಹಿತದ ಪ್ರೋಗ್ರಾಮೇ ಕಾರಣವೆಂದು ಎಲ್ಲರೂ ತಿಳಿದರು. ಅದನ್ನು ಹಾಕುವ ಮೊದಲೂ ಬೀಳುತ್ತಿತ್ತಲ್ಲ ಎಂದು ಅವರು ಒಮ್ಮೆ ಹೇಳಿ ನೋಡಿದರು. ಹಾಗಿದ್ದರೆ ತೆಗೆದ ಮೇಲೆ ಯಾಕೆ ನಿಂತಿತು ಎಂದು ಮ್ಯಾನೇಜರು ಕೇಳಿದರು. ಅವರ ಕೈಯಲ್ಲಿ ತೋರಿಸಲು ಏನೂ ಇರಲಿಲ್ಲ. ನಾನು ಅಲ್ಲೇ ಇದ್ದೆ, ನನ್ನ ಪರದೆಯನ್ನು ನೋಡುತ್ತ.

ಪ್ರತಿದಿನ ಬೆಳಿಗ್ಗೆ ಚಹಾ ಹಿಡಿದುಕೊಂಡು, ಹಿಂದಿನ ದಿನ ಯಾರು ಯಾವ ಸಾಲು ಬದಲಾಯಿಸಿದ್ದಾರೆಂದು ಪೂರ್ತಿ ಓದುವುದು ಅವರ ಅಭ್ಯಾಸ. ಆ ಸೋಮವಾರವೂ ಓದಿದರು. ಓದಿ ನನ್ನ ಮೇಜಿನ ಬಳಿ ಬಂದು ನಿಂತರು.

"ಮೇಡಂ, ಹಳ್ಳಿಯ ಹೆಸರಿನ ಉದ್ದವನ್ನು ಹೆಚ್ಚಿಸಿದ್ದೀರಿ. ಇದು ನಿಮಗೆ ಹೇಗೆ ಹೊಳೆಯಿತು?"

ಅದು ಅವರ ಕನ್ನಡವಲ್ಲ, ನನ್ನದು. ಒಂದೊಂದು ಪದವನ್ನೂ ಬಿಡಿಬಿಡಿಯಾಗಿ, ನನ್ನಂತೆಯೇ ಕೊನೆಯ ಸ್ವರವನ್ನು ನುಂಗದೆ ಹೇಳಿದರು.

"ಸುಮ್ಮನೆ ನೋಡುವಾಗ ಕಾಣಿಸಿತು ಸರ್."

"ಒಳ್ಳೆಯದಾಯಿತು" ಎಂದು ಹೋದರು.

ಅಂದಿನಿಂದ ನನ್ನೊಡನೆ ಅವರು ಆಡಿದ್ದೆಲ್ಲ ಹೀಗೇ. 'ಅಳಿಸಬೇಡಿ.' 'ಇಟ್ಟುಕೊಂಡಿರಿ.' 'ನಾಳೆ ಮಾತನಾಡೋಣ.' ಅಕ್ಕೋರು ಎನ್ನುವುದು ನಿಂತಿತು. ವಸ್ತು ತೋರಿಸಿ ಪದ ಕೇಳುವುದೂ ನಿಂತಿತು. ಪಂಚನಾಮೆಗೆ ಕರೆಯಲಿಲ್ಲ, ಕರೆಯಲು ಹೆಸರಿರುವ ಹೆಣಗಳೇ ಬರುತ್ತಿರಲಿಲ್ಲ. ತಮ್ಮ ಮಾತಿನ ಮೇಲೆ ಅವರಿಗೆ ನಂಬಿಕೆ ಹೋಗಿದೆ, ಹೋಗುವಂತೆ ಮಾಡಿದವಳು ನಾನು ಎಂದು ನನಗೆ ಅನಿಸುತ್ತಿತ್ತು. ಅವರಿಗೆ ಕನ್ನಡವೆಂದು ಇದ್ದದ್ದು ಅದೊಂದೇ. ನಾನು ಅದರ ಮೇಲೆಯೇ ತಪ್ಪು ಹೊರಿಸಿದ್ದೆ. ಹೇಳಿಬಿಡಬೇಕೆಂದು ಹತ್ತು ಸಲ ಎದ್ದಿದ್ದೇನೆ. ಅಷ್ಟೇ ಸಲ ನೀರು ಕುಡಿದು ಬಂದು ಕುಳಿತಿದ್ದೇನೆ.

ನನ್ನ ಕೆಲಸ ಖಾಯಂ ಆಯಿತು. ಹಂಗಾಮು ಮುಗಿದ ಮೇಲೆ ಅವರ ಕರಾರನ್ನು ಮುಂದುವರಿಸಲಿಲ್ಲ, ವಯಸ್ಸಾಯಿತು ಎಂದರು. ಕೊನೆಯ ದಿನ ಕೇಕು ತರಿಸಿದ್ದರು. ಅವರು ಕೇಕು ತಿನ್ನುತ್ತಿರಲಿಲ್ಲ. ಎಲ್ಲರಿಗೂ ಹಂಚಿ, ಕೈ ಒರೆಸಿಕೊಂಡು, ಚಪ್ಪಲಿ ಮೆಟ್ಟಿ ಹೊರಟರು. ನನ್ನ ಮೇಜಿನ ಬಳಿ ಒಂದು ಕ್ಷಣ ನಿಂತು, "ಚೆನ್ನಾಗಿ ಕೆಲಸ ಮಾಡಿ ಮೇಡಂ" ಎಂದರು. ನಾನು ಎದ್ದು ನಿಂತೆ.

ಒಂದು ವರ್ಷದ ನಂತರ ನಾನೂ ಆ ಕಂಪನಿ ಬಿಟ್ಟೆ. ಪುಣೆಯಲ್ಲೇ ಉಳಿದೆ. ಅವರ ಮನೆ ಕೋಥರೂಡಿನಲ್ಲಿ, ನನ್ನ ಬಾಡಿಗೆಯ ಕೋಣೆಯಿಂದ ಸಿಟಿ ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ಕೆಲಸ ಹೋದ ಮೇಲೆ ಅವರು ಬದುಕಿದ್ದ ನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಹೋಗಲಿಲ್ಲ. ನನಗೊಂದು ಸಮಾಧಾನವಿತ್ತು. ಅವರು ನನ್ನ ಮಾತನ್ನು ನಂಬಿದ್ದಾರೆ, ತಮ್ಮದೇ ತಪ್ಪೆಂದು ತಿಳಿದು ಮರೆತಿದ್ದಾರೆ, ಈಗ ಹೋಗಿ ಕೆದಕಿದರೆ ಅವರಿಗೇ ನೋವು. ಹೀಗೆ ಅವರ ನಂಬಿಕೆಯ ಮೇಲೆ ನಾನು ನಾಲ್ಕು ವರ್ಷ ನೆಮ್ಮದಿಯಾಗಿದ್ದೆ. ಇದನ್ನು ಬರೆಯುವಾಗ ಎಲ್ಲಕ್ಕಿಂತ ಹೆಚ್ಚು ನಾಚಿಕೆಯಾಗುವುದು ಈ ನೆಮ್ಮದಿಯ ಬಗ್ಗೆ.

ತೀರಿಕೊಂಡ ಮೂರು ವಾರಗಳ ಮೇಲೆ, ಒಂದು ಭಾನುವಾರ ಬೆಳಿಗ್ಗೆ ಹೋದೆ. ಬಾಗಿಲು ತೆರೆದದ್ದು ಅವರ ಹೆಂಡತಿ. ನಾನು ಕನ್ನಡದಲ್ಲಿ ಪರಿಚಯ ಹೇಳಿಕೊಂಡ ಕೂಡಲೇ ಮುಖ ಅರಳಿತು.

"ಅಕ್ಕೋರು ಏನ್ರಿ ನೀವು? ಬರ್ರಿ ಬರ್ರಿ, ಒಳಗ ಬರ್ರಿ. ನಿಮ್ಮ ಸುದ್ದಿ ಭಾಳ ಹೇಳ್ತಿದ್ದರು. ಈರುಳ್ಳಿ ಅನ್ನಬೇಕು, ಪೊರಕೆ ಅನ್ನಬೇಕು ಅಂತ ನನಗ ಪಾಠಾ ಮಾಡ್ತಿದ್ದರರಿ ಮನ್ಯಾಗ."

ಚಹಾ ತಂದುಕೊಟ್ಟು ಎದುರು ಕುಳಿತರು. ಕಡೆಗಾಲದ ಆಸ್ಪತ್ರೆಯ ಮಾತು, ಮಗಳು ನಾಸಿಕದಿಂದ ಬಂದು ಹೋದ ಮಾತು, ಸೊಸೈಟಿಯವರು ಮಾಡಿದ ಸಹಾಯದ ಮಾತು ಹೇಳಿದರು. ಆಮೇಲೆ ಏನೋ ನೆನಪಾಗಿ ಸಣ್ಣಗೆ ನಕ್ಕರು.

"ಒಂದ್ ಸರ್ತೆ ಏನ್ ಮಾಡಿದ್ರು ಗೊತ್ತೇನ್ರಿ? ಇಂದಾಪುರಕ್ಕ ಹೋಗಿ ಬಂದಿದ್ದರು. ಆಯಿತವಾರ ಮುಂಜಾನೆ ನನಗ, ಮಿಕ್ಸರ್ ಚಾಲೂ ಮಾಡಿ ಅದರ ಬಾಜೂಕ ಫೋನ್ ಹಿಡಕೊಂಡು ನಿಂದ್ರು ಅಂದ್ರು. ಯಾಕ್ರಿ ಅಂದ್ರ, ಗಿರಣಿ ಸಪ್ಪಳಾ ಬೇಕು ಅಂದ್ರು. ತಾವು ಕೆಳಗ ಪಾರ್ಕಿಂಗಿಗೆ ಹೋಗಿ ನನಗ ಫೋನ್ ಹಚ್ಚಿದ್ರು. 'ನಾ ಒಂದ್ ಮಾತ ಅಂತೀನಿ. ನಿನಗ ತಗದಿಡ್ರಿ ಅಂತ ಕೇಳ್ತೋ, ತಗದ್ಬಿಡ್ರಿ ಅಂತ ಕೇಳ್ತೋ, ಬರಕೋತ ಹೋಗು.' ಇಪ್ಪತ್ತ ಸಲ ಅಂದ್ರು ನೋಡ್ರಿ, ಒಮ್ಮೆ ಅದು, ಒಮ್ಮೆ ಇದು. ಕ್ಯಾಲೆಂಡರಿನ ಹಿಂದ ಬರದೆ. ಕೆಳಗ ವಾಚಮನ್ ಅವರನ್ನ ನೋಡಿ ಏನ್ ತಿಳಕೊಂಡನೋ."

ನಾನು ಕಪ್ಪನ್ನು ಕೆಳಗಿಟ್ಟೆ.

"ಮ್ಯಾಲ ಬಂದು ತಾವು ಬರದದ್ದು, ನಾ ಬರದದ್ದು ಎರಡೂ ಇಟಗೊಂಡು ಕೂಡಿಸಿ ನೋಡಿದ್ರು. ಇಪ್ಪತ್ತಕ್ಕ ಇಪ್ಪತ್ತೂ ಸರಿ ಇದ್ದವರಿ. ಒಂದೂ ತಪ್ಪಿರಲಿಲ್ಲ. ನಾ ಗೆದ್ದೆ, ಏನ್ ಕೊಡಸ್ತೀರಿ ಅಂದೆ. ನಗಲೇ ಇಲ್ಲ. ಮಿಕ್ಸರ್ ಬಂದ್ ಮಾಡು ಅಂದ್ರು."

ಅದು ಆ ಭಾನುವಾರ. ಮರುದಿನವೇ ಅವರು ನನ್ನ ಮೇಜಿನ ಬಳಿ ಬಂದು, ನನ್ನ ಕನ್ನಡದಲ್ಲಿ, ಇದು ನಿಮಗೆ ಹೇಗೆ ಹೊಳೆಯಿತು ಎಂದು ಕೇಳಿದ್ದು. ಅವರ ನಂಬಿಕೆ ಹೋದದ್ದು ತಮ್ಮ ಮಾತಿನ ಮೇಲಲ್ಲ. ಕೇಳುವ ಮೊದಲೇ ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಹಂಗಾಮು ಮುಗಿಯುವ ತನಕ ಆ ಮಹಡಿಯಲ್ಲಿ ನನ್ನ ಎದುರು ಕುಳಿತಿದ್ದರು. ನಾನು ಹೇಳಿಯೇನು ಎಂದು ಕಾಯುತ್ತಿದ್ದರೋ ಇಲ್ಲವೋ, ಅದನ್ನು ನನಗೆ ಹೇಳುವವರು ಈಗ ಯಾರೂ ಇಲ್ಲ.

"ಯಾಕ ಹಂಗ ಮಾಡಿದ್ರು ಅಂತ ಎಷ್ಟ ಕೇಳಿದ್ರೂ ಹೇಳಲಿಲ್ಲರಿ" ಎಂದರು ಅವರ ಹೆಂಡತಿ. "ನೀವು ಆಫೀಸಿನ್ಯಾಗ ಅವರ ಬಾಜೂಕ ಇದ್ರಲ್ಲ. ನಿಮಗೇನರ ಗೊತ್ತದೇನು?"

ಗೊತ್ತಿಲ್ಲ ಎನ್ನಬಹುದಿತ್ತು. ಅವರು ಅದನ್ನೂ ನಂಬುತ್ತಿದ್ದರು.

ನಾನು ಹೇಳಿದೆ. ಫೋನು, ಫೈಲು, ಅದರಲ್ಲಿದ್ದ ನನ್ನ ತಪ್ಪು, ಮೀಟಿಂಗಿನಲ್ಲಿ ಅವರ ಕನ್ನಡದ ಬಗ್ಗೆ ನಾನು ಸೇರಿಸಿದ ಮಾತು, ಶನಿವಾರದ ತಿದ್ದುಪಡಿ. ತಾಂತ್ರಿಕ ವಿಷಯ ಅವರಿಗೆ ಎಷ್ಟು ತಿಳಿಯಿತೋ ಗೊತ್ತಿಲ್ಲ. ಕೊನೆಗೆ, "ಅವರು ಇಡ್ರಿ ಅಂತಲೇ ಅಂದಿದ್ದರು. ನನಗೆ ಸರಿಯಾಗಿಯೇ ಕೇಳಿಸಿತ್ತು" ಎಂದೆ. ಅದು ಮಾತ್ರ ಅವರಿಗೆ ಪೂರ್ತಿ ತಿಳಿಯಿತು.

ಅವರು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದರು.

"ನನಗ ಸುದ್ದಾ ಹೇಳಲಿಲ್ಲ ನೋಡ್ರಿ" ಎಂದರು. "ಕೆಲಸಾ ಬಿಡಿಸಿದ ದಿನ ಮನೀಗೆ ಬಂದು, ಹೊಸಾ ಮಂದಿ ಶ್ಯಾಣ್ಯಾ ಇದ್ದಾರ, ಇನ್ನ ನಂದೇನೂ ಕೆಲಸಿಲ್ಲ ಅಂದ್ರು. ನಾ ಅದನ್ನ ಖರೇ ಅಂತ ತಿಳಕೊಂಡಿದ್ದೆ."

ಇಬ್ಬರ ಕಪ್ಪುಗಳನ್ನೂ ಎತ್ತಿಕೊಂಡು ಒಳಗೆ ಹೋದರು. ನನ್ನದರಲ್ಲಿ ಚಹಾ ಇನ್ನೂ ಅರ್ಧ ಇತ್ತು. ನಾನು ಎದ್ದು ಬಾಗಿಲ ಬಳಿ ಹೋಗಿ ಚಪ್ಪಲಿ ಮೆಟ್ಟಿಕೊಂಡೆ. ಅವರು ಹೊರಗೆ ಬಂದರು. "ಬರ್ತೀನಿ ಅಮ್ಮಾ" ಎಂದೆ.

ನಮ್ಮ ಕಡೆಯಾಗಲಿ ಅವರ ಕಡೆಯಾಗಲಿ, ಮನೆಗೆ ಬಂದವರನ್ನು ಕಳಿಸುವಾಗ ಬರೀ ಹೋಗಿ ಎಂದು ಯಾರೂ ಅನ್ನುವುದಿಲ್ಲ. ಹೋಗಿ ಬನ್ನಿ ಅನ್ನುತ್ತೇವೆ. ಅವರ ಕಡೆ ಹೋಗಿ ಬರ್ರಿ ಅನ್ನುತ್ತಾರೆ.

"ಹೋಗ್ರಿ" ಎಂದರು ಅವರು.

ಬಾಗಿಲು ಮೆಲ್ಲನೆ ಮುಚ್ಚಿತು. ಭಾನುವಾರದ ಬೆಳಿಗ್ಗೆ, ಮೆಟ್ಟಿಲುಗಳುದ್ದಕ್ಕೂ ಒಂದು ಸದ್ದೂ ಇರಲಿಲ್ಲ. ತಪ್ಪಾಗಿ ಕೇಳಿಸಿತು ಎನ್ನಲು ದಾರಿಯಿರಲಿಲ್ಲ.